ಯಾರೂ ನಿಲ್ಲಿಸದ ಸೀಟಿ

ಡಾನ್ಸ್ ಹಾಲ್‌ನ ಬಾಗಿಲು ತಳ್ಳಿದ ಕೂಡಲೇ ಅವಳ ಕಿವಿಗೆ ಸೂಜಿ ಚುಚ್ಚಿದಂತಾಯಿತು.

ಸೀಟಿ. ಏರುವುದಿಲ್ಲ, ಇಳಿಯುವುದಿಲ್ಲ. ಉಸಿರು ತೆಗೆದುಕೊಳ್ಳದೆ ಒಂದೇ ಸಮನೆ ಕೂಗುವ ತೆಳ್ಳನೆಯ ಸೀಟಿ. ಸ್ಪೀಕರ್ ಪರೀಕ್ಷೆ ಮಾಡುವಾಗ ಗಂಡ ಪೆಟ್ಟಿಗೆಯೊಂದರಿಂದ ಹೀಗೆ ಸೀಟಿ ಬಿಡುವುದು ಅವಳಿಗೆ ಗೊತ್ತಿತ್ತು. ಆದರೆ ಹತ್ತು ಸೆಕೆಂಡಿಗಿಂತ ಹೆಚ್ಚು ಬಿಟ್ಟವರಲ್ಲ.

"ರೀ, ನಿಲ್ಸಿ ಅದನ್ನ! ಊಟ ತಂದಿದೀನಿ!"

ಸೀಟಿ ನಿಲ್ಲಲಿಲ್ಲ. ಊಟದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು, ಎರಡೂ ಕಿವಿ ಮುಚ್ಚಿಕೊಂಡು, ಅವಳು ಕುಣಿಯುವವರಿಲ್ಲದ ಖಾಲಿ ನೆಲ ದಾಟಿದಳು. ಮಧ್ಯಾಹ್ನ ಒಂದೂವರೆ. ವೇದಿಕೆಗೆ ಎದುರಾಗಿದ್ದ ಸೌಂಡ್ ಮಿಕ್ಸರ್ ಮೇಜಿನ ಹಿಂದೆ ಮೊದಲು ಗಂಡನ ಚಪ್ಪಲಿ ಕಂಡಿತು. ಆಮೇಲೆ ಕಾಲು. ಆಮೇಲೆ, ಮುಖ ಇರಬೇಕಾಗಿದ್ದ ಜಾಗ.

ಡಬ್ಬಿ ಬಿತ್ತು. ಅವಳು ಕಿರುಚುತ್ತಾ ಬೀದಿಗೆ ಓಡಿದಳು.

* * *

ಇನ್‌ಸ್ಪೆಕ್ಟರ್ ಬಂದಾಗಲೂ ಸೀಟಿ ಕೂಗುತ್ತಲೇ ಇತ್ತು.

ಅವಳ ಜೊತೆ ಬಂದ ದಪ್ಪ ಪೇದೆ ಕರವಸ್ತ್ರ ಹರಿದು ಎರಡೂ ಕಿವಿಗೆ ತುರುಕಿಕೊಂಡ. "ಮೇಡಂ, ಮೊದ್ಲು ಇದನ್ನ ಆಫ್ ಮಾಡೋಣ. ಹೆಣಾನೂ ಎದ್ದು ಓಡಿಹೋಗುತ್ತೆ."

"ಮುಟ್ಬೇಡಿ."

ಅವಳು ಬಗ್ಗಿದಳು. ಸತ್ತವರು ಹಾಲ್‌ನ ಸೌಂಡ್ ಎಂಜಿನಿಯರ್. ಊರಿನ ಅರ್ಧದಷ್ಟು ಡಿಜೆಗಳಿಗೆ ಕೆಲಸ ಕಲಿಸಿದವರಾದ್ದರಿಂದ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಹೊಡೆತ ಹಿಂದಿನಿಂದ ಶುರುವಾಗಿತ್ತು. ಅವರು ಬಿದ್ದ ಮೇಲೆ ಮುಖದ ಮೇಲೆ ಮುಂದುವರಿದಿತ್ತು. ಏಳು ಏಟು. ದವಡೆ ಮುರಿದು ಪಕ್ಕಕ್ಕೆ ಜರುಗಿತ್ತು. ಒಂದು ಹಲ್ಲು ಮಿಕ್ಸರಿನ ಗುಂಡಿಗಳ ನಡುವೆ ಸಿಕ್ಕಿಕೊಂಡಿತ್ತು.

ಸೀಟಿ ಬಿಡುವ ಪೆಟ್ಟಿಗೆ ಅಲ್ಲೇ ಪಕ್ಕದಲ್ಲಿತ್ತು. ಅದರ ಗುಂಡಿಯ ಮೇಲೆ, ಸುತ್ತಲೂ ರಕ್ತ ಸಿಡಿದು ಒಣಗಿ, ಪಕ್ಕದ ಪುಟ್ಟ ದೀಪವನ್ನೂ ಮುಚ್ಚಿಬಿಟ್ಟಿತ್ತು. ಒಂದು ಹನಿಯೂ ಕದಡಿರಲಿಲ್ಲ.

"ಫೋಟೋ ತೆಗೀರಿ," ಎಂದಳು. ತೆಗೆದಾದ ಮೇಲೆ ಪೆನ್ನಿನ ತುದಿಯಿಂದ ಗುಂಡಿ ಒತ್ತಿದಳು. ಹಾಲ್ ಸುಮ್ಮನಾಯಿತು. ಪೇದೆ ಗೋಡೆಗೆ ಒರಗಿ ದೊಡ್ಡ ಉಸಿರುಬಿಟ್ಟ.

ಕೊಂದ ಆಯುಧ ಹಿಂದಿನ ಕೋಣೆಯ ನಲ್ಲಿಯ ಹತ್ತಿರ ಸಿಕ್ಕಿತು. ಸ್ಪೀಕರ್ ನಿಲ್ಲಿಸುವ ಉಕ್ಕಿನ ಕಂಬ. ಸೋಪು ಹಾಕಿ ತೊಳೆದು ನಿಲ್ಲಿಸಿದ್ದರು. ಮೇಜಿನಿಂದ ಹಿಂಬಾಗಿಲವರೆಗೆ ನೆಲ ಒರೆಸಿದ್ದರು. ಅವಸರದಲ್ಲಿ ಅಲ್ಲ, ಮೂರ್ನಾಲ್ಕು ಬಕೆಟ್ ನೀರು ಹಾಕಿ, ಮೂಲೆಮೂಲೆಯನ್ನೂ ಬಿಡದೆ. ಮೇಷ್ಟ್ರ ಮೇಜಿನ ಖಾನೆಯ ಬೀಗ ಮುರಿದು, ಒಳಗಿನ ಕಾಗದಗಳನ್ನೆಲ್ಲ ಒಂದೊಂದಾಗಿ ನೋಡಿ ಚೆಲ್ಲಾಡಿದ್ದರು.

"ಅರ್ಧ ಗಂಟೆ ಕೆಲ್ಸ," ಎಂದ ಪೇದೆ. "ನಮ್ಮನೇಲಿ ಇಷ್ಟು ಚೊಕ್ಕಟವಾಗಿ ಯಾರೂ ನೆಲ ಒರೆಸಲ್ಲ ಮೇಡಂ."

* * *

ಗೇಟು ಕಾಯುವ ತಾತನಿಗೆ ಎಪ್ಪತ್ತರ ಹತ್ತಿರ. ಕೈ ನಡುಗುತ್ತಿತ್ತು.

"ಮೇಷ್ಟ್ರು ಹತ್ತೂವರೆಗೆ ಬಂದ್ರು. ಹನ್ನೊಂದೂವರೆಗೆ ಕತ್ತರಿ ಬಂದ. ಮುಖ ಕೆಂಪಗಿತ್ತು. ಐದೇ ನಿಮಿಷ. ಜೇಬಲ್ಲಿ ಕೈ ಇಟ್ಕೊಂಡು ಬಿರಬಿರನೆ ಹೋದ. ಅಮ್ಮಾವ್ರು ಊಟ ತರೋವರೆಗೂ ಮತ್ಯಾರೂ ಬಂದಿಲ್ಲ."

"ಕತ್ತರಿ ಅಂದ್ರೆ?"

"ಡಿಜೆ. ಬೇರೆಯವ್ರ ಹಾಡನ್ನ ತುಂಡು ತುಂಡು ಮಾಡಿ ಬಾರಿಸ್ತಾನೆ. ಅದಕ್ಕೇ ಆ ಹೆಸ್ರು."

"ಒಳಗಿನ ಸೀಟಿ ಕೇಳಿಸ್ಲಿಲ್ವಾ ತಾತ?"

"ಯಾವ ಸೀಟಿ?"

ಪೇದೆ ಅವಳ ಕಡೆ ನೋಡಿ ಹುಬ್ಬೇರಿಸಿದ.

ಅಷ್ಟರಲ್ಲಿ ಮೇಷ್ಟ್ರ ತಮ್ಮ ಬಂದ. ಮೂವತ್ತಮೂರರ ಎತ್ತರದ ಆಳು, ಕೊರಳಲ್ಲಿ ದೊಡ್ಡ ಹೆಡ್‌ಫೋನ್. ಅವನೂ ಡಿಜೆ, ಪೋಸ್ಟರುಗಳ ಮೇಲೆ ಅವನ ಹೆಸರು ಸಿಡಿಲು. ಅವನು ಬಾರಿಸುತ್ತಾನೆಂದರೆ ಹಾಲ್ ಮುಂದಿನ ಬೀದಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈಗ ಅವನು ಗೇಟಿನ ಹತ್ತಿರವೇ ಮಂಡಿಯೂರಿ, ಅಲ್ಲೇ ಕೂತಿದ್ದ ಅತ್ತಿಗೆಯ ಮಡಿಲಲ್ಲಿ ತಲೆಯಿಟ್ಟು ಅತ್ತ.

"ಅಪ್ಪ ಸತ್ತಾಗ ನಂಗೆ ಒಂಬತ್ತು ವರ್ಷ. ಅಣ್ಣನೇ ಸಾಕಿದ್ದು. ಮೊದಲ ಹೆಡ್‌ಫೋನ್ ಅವನೇ ತಲೆಗೆ ಹಾಕಿದ್ದು," ಎಂದ. ಸುಳ್ಳು ಕಣ್ಣೀರಲ್ಲ. ಇನ್‌ಸ್ಪೆಕ್ಟರ್ ಇಪ್ಪತ್ತು ವರ್ಷದಲ್ಲಿ ಎರಡು ಬಗೆಯ ಕಣ್ಣೀರನ್ನೂ ನೋಡಿದ್ದಳು.

"ಬೆಳಿಗ್ಗೆ ಎಲ್ಲಿದ್ರಿ?"

"ಮನೆ ಮಹಡಿ ಮೇಲೆ ಮಲಗಿದ್ದೆ. ಒಂದು ಗಂಟೆಗೆ ಎದ್ದೆ." ಅವನು ಮುಖ ಒರೆಸಿಕೊಂಡ. "ಕತ್ತರೀನ ಹಿಡೀರಿ ಮೇಡಂ. ಹೋದ ವಾರ ಅಣ್ಣ ಅವನ ಸೌಂಡ್ ನಡುವೆ ನಿಲ್ಲಿಸ್ಬಿಟ್ಟಿದ್ದ. ನಿನ್ನ ಮುಖ ಒಡೀತೀನಿ ಅಂತ ಕತ್ತರಿ ಎಲ್ಲರ ಮುಂದೆ ಕೂಗಾಡಿದ್ದ."

* * *

ಕತ್ತರಿ ತನ್ನ ರೆಕಾರ್ಡ್ ಅಂಗಡಿಯಲ್ಲಿದ್ದ. ಪೊಲೀಸ್ ಬಟ್ಟೆ ಕಂಡದ್ದೇ ತಡ, ಕಪಾಟೊಂದನ್ನು ಎಳೆದು ಕೆಡವಿದ. ನೂರಾರು ರೆಕಾರ್ಡುಗಳು ಪೇದೆಯ ಮೈಮೇಲೆ ಸುರಿದವು. ಇನ್‌ಸ್ಪೆಕ್ಟರ್ ಅಡ್ಡ ನಿಂತಳು. ಅವನು ಕೈಗೆ ಸಿಕ್ಕ ಬಾಟಲಿಯನ್ನು ಗಲ್ಲಾಪೆಟ್ಟಿಗೆಗೆ ಬಡಿದು ಒಡೆದ.

"ದಾರಿ ಬಿಡಿ!"

"ಬಿಡಲ್ಲ."

ಬೀಸಿದ. ಅವಳ ಎಡ ತೋಳಿನ ಬಟ್ಟೆಯ ಜೊತೆ ಚರ್ಮವೂ ಸೀಳಿತು. ಅವಳು ಹಿಂದೆ ಸರಿಯಲಿಲ್ಲ. ತಲೆ ತಗ್ಗಿಸಿ ಅವನ ಮೂಗಿಗೇ ಗುದ್ದಿದಳು. ಮೂಳೆ ಲಟಕ್ಕೆಂದಿತು. ಅವನು ಮುಗ್ಗರಿಸಿದಾಗ ಪೇದೆ ಹಿಂದಿನಿಂದ ಅಪ್ಪಿ, ನೆಲಕ್ಕೆ ಕೆಡವಿ, ಅವನ ಬೆನ್ನ ಮೇಲೆ ಪೂರ್ತಿ ಕೂತುಬಿಟ್ಟ.

"ಉಸಿರು... ಉಸಿರಾಡಕ್ಕೆ ಬಿಡಪ್ಪಾ..."

"ಮೊದ್ಲು ಹೇಳು, ಆಮೇಲೆ ಉಸಿರಾಡು."

ಓಡಿದ್ದಕ್ಕೆ ಕಾರಣ ರೆಕಾರ್ಡುಗಳ ಕವರಿನೊಳಗೇ ಇತ್ತು. ಮಾತ್ರೆ, ಪುಡಿ, ಸಣ್ಣ ಸಣ್ಣ ಪೊಟ್ಟಣಗಳು. ಆದರೆ ಕೊಲೆಯ ಮಾತು ಬಂದದ್ದೇ ಅವನು ನಿಜವಾಗಿಯೂ ಬೆಚ್ಚಿಬಿದ್ದ.

"ಮೇಷ್ಟ್ರು ಸತ್ರಾ? ನಾನಲ್ಲ! ಹೊಡೀಬೇಕು ಅಂತಾನೇ ಹೋಗಿದ್ದೆ, ಸುಳ್ಳು ಹೇಳಲ್ಲ. ಆದ್ರೆ ನಾನು ಬಾಯಿ ತೆಗೆದ ಕೂಡ್ಲೇ ಅವ್ರು ಕಿವಿಗೆ ಬಿರಡೆ ಇಟ್ಕೊಂಡು ಸೀಟಿ ಬಿಟ್ರು. ಬೇಡದವ್ರನ್ನ ಓಡಿಸೋಕೆ ಅವ್ರು ಮಾಡೋದೇ ಹಾಗೆ. ಹಲ್ಲಿನ ಬೇರೆಲ್ಲ ಜುಮ್ಮಂತು. ಎರಡು ನಿಮಿಷ ನಿಂತಿದ್ರೆ ನಾನೇ ಸಾಯ್ತಿದ್ದೆ. ಇನ್ನು ಹೊಡೆಯೋದೆಲ್ಲಿಂದ ಬಂತು?"

ಇನ್‌ಸ್ಪೆಕ್ಟರ್ ತೋಳಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದವಳು ಹಾಗೇ ನಿಂತಳು.

"ಇನ್ನೊಂದ್ಸಲ ಹೇಳು."

"ಏನನ್ನ?"

"ಎರಡು ನಿಮಿಷ ಅಂದ್ಯಲ್ಲ, ಅದನ್ನ."

* * *

ಜೀಪಿನಲ್ಲಿ ಪೇದೆ ಅವಳ ಮುಖವನ್ನೇ ನೋಡಿದ. "ಏನು ಹೊಳೀತು ಮೇಡಂ?"

"ಗುಂಡಿಯ ಮೇಲಿನ ರಕ್ತ ಕದಡಿರ್ಲಿಲ್ಲ. ಅಂದ್ರೆ ಹೊಡೆಯೋವಾಗ್ಲೂ ಸೀಟಿ ಇತ್ತು, ಆಮೇಲೂ ಯಾರೂ ನಿಲ್ಲಿಸ್ಲಿಲ್ಲ. ಆ ಸೀಟಿಯೊಳಗೆ ಅರ್ಧ ಗಂಟೆ ನಿಂತು ಒಬ್ಬ ಆರಾಮಾಗಿ ನೆಲ ಒರೆಸಿದಾನೆ, ಕಂಬ ತೊಳೆದಿದಾನೆ, ಕಾಗದ ಓದಿದಾನೆ. ನೀವು ಒಂದು ನಿಮಿಷ ತಡಕೊಂಡ್ರಾ?"

"ಕರವಸ್ತ್ರ ಹಾಳಾಯ್ತು." ಅವನ ಮುಖ ಗಂಭೀರವಾಯಿತು. "ಕೇಳಿಸದವ್ನು! ತಾತ! ವಯಸ್ಸಾದವ್ರಿಗೆ ಸಣ್ಣ ಶಬ್ದ ಕೇಳಿಸಲ್ಲ."

"ತಾತ ಹನ್ನೊಂದರಿಂದ ಒಂದೂವರೆವರೆಗೂ ಕುರ್ಚಿ ಬಿಟ್ಟು ಎದ್ದಿಲ್ಲ. ಎದುರಂಗಡಿ ಕ್ಯಾಮೆರಾದಲ್ಲಿ ನೋಡ್ದೆ. ಆ ಕೈಯಲ್ಲಿ ಕಂಬ ಎತ್ತೋಕೂ ಆಗಲ್ಲ. ಕಿವಿ ಹಾಳಾಗೋಕೆ ವಯಸ್ಸೇ ಆಗ್ಬೇಕಂತಿಲ್ಲ. ನಮ್ಮಪ್ಪ ತಗಡಿನ ಕಾರ್ಖಾನೆಯಲ್ಲಿದ್ರು. ನಲವತ್ತಕ್ಕೆಲ್ಲ ಹಕ್ಕಿ ಕೂಗೋದು ಕೇಳಿಸ್ತಿರ್ಲಿಲ್ಲ. ಮಾತೆಲ್ಲ ಕೇಳಿಸ್ತಿತ್ತು."

ಅವಳು ಮೇಷ್ಟ್ರ ಮನೆಗೆ ಹೋದಳು. ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು.

"ಒಂದೇ ಮಾತು ಕೇಳ್ತೀನಿ ಅಕ್ಕ. ನಿಮ್ಮ ಮೈದುನನಿಗೆ ಬಾಗಿಲ ಗಂಟೆ ಕೇಳಿಸುತ್ತಾ?"

ಅವಳು ತಲೆಯೆತ್ತಿ ಬಾಗಿಲ ಕಡೆ ನೋಡಿದಳು.

"ಒಂದು ವರ್ಷದಿಂದ ಒಂದು ಸಲಾನೂ ಎದ್ದು ಬಾಗಿಲು ತೆಗೆದಿಲ್ಲ. ದೊಡ್ಡ ಮನುಷ್ಯ ಆದ, ಜಂಭ ಬಂತು ಅಂತ ನಾನು ಗೊಣಗ್ತಿದ್ದೆ. ಇವ್ರು 'ಸುಮ್ನಿರೇ' ಅಂತ ತಾವೇ ಎದ್ದು ಹೋಗೋರು." ಅವಳ ದನಿ ಇಳಿಯಿತು. "ಹೋದ ವಾರ ಇಬ್ರೂ ಕಿವಿ ಡಾಕ್ಟ್ರ ಹತ್ರ ಹೋಗಿದ್ರು. ಬಂದ ಮೇಲೆ ಮಾತಿಲ್ಲ, ಕತೆಯಿಲ್ಲ. ಯಾಕೆ ಕೇಳ್ತಿದೀರಾ?"

ಇನ್‌ಸ್ಪೆಕ್ಟರ್ ನೇರ ಕಿವಿ ಡಾಕ್ಟರ ಬಳಿ ಹೋದಳು.

* * *

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಹಾಲ್‌ನಲ್ಲಿ ಎಲ್ಲರೂ ಸೇರಿದರು. ತಾತ, ಮೇಷ್ಟ್ರ ಹೆಂಡತಿ, ಮೂಗಿಗೆ ಪಟ್ಟಿ ಹಾಕಿಕೊಂಡ ಕತ್ತರಿ. ಸಿಡಿಲನ್ನು ಇನ್‌ಸ್ಪೆಕ್ಟರ್ ಮುಂದೆ ಕರೆದು, ಸ್ಪೀಕರುಗಳ ಕಡೆ ಮುಖ ಮಾಡಿ ನಿಲ್ಲಿಸಿದಳು. ಉಳಿದವರೆಲ್ಲ ಅವನ ಬೆನ್ನ ಹಿಂದೆ.

"ನಿಮ್ಮಣ್ಣ ಎಲ್ಲಿ ನಿಂತು ಕೆಲ್ಸ ಮಾಡೋರು, ಹೇಗೆ ಮಾಡೋರು, ಸ್ವಲ್ಪ ವಿವರವಾಗಿ ಹೇಳಿ."

ಅವನು ಹೇಳತೊಡಗಿದ. ಅವಳು ಕಿವಿಯಲ್ಲಿ ಬಿರಡೆ ಇಟ್ಟುಕೊಂಡು, ಮುಖದಲ್ಲಿ ಏನನ್ನೂ ತೋರದೆ ತಲೆಯಾಡಿಸಿದಳು. ಕೈ ಬೆನ್ನ ಹಿಂದೆ ಹೋಗಿ ಸನ್ನೆ ಮಾಡಿತು. ಪೇದೆ ಗುಂಡಿ ಒತ್ತಿದ.

ಸೀಟಿ ಹಾಲ್ ತುಂಬಿತು.

ಕತ್ತರಿ ಕಿವಿ ಮುಚ್ಚಿ ಕುಕ್ಕರಿಸಿದ. ಮೇಷ್ಟ್ರ ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡಳು. ತಾತ ಮಾತ್ರ ಎಲ್ಲರನ್ನೂ ನೋಡಿ ಕಕ್ಕಾಬಿಕ್ಕಿಯಾದ. ಸಿಡಿಲು ಹೇಳುತ್ತಲೇ ಇದ್ದ.

"...ಅಣ್ಣನ ಕಿವಿ ಅಂದ್ರೆ ಕಿವಿ. ಸಾವಿರ ಜನ ಕುಣೀತಿದ್ರೂ ಒಂದು ಸ್ಪೀಕರ್ ಕೆಮ್ಮಿದ್ರೆ ಗೊತ್ತಾಗೋದು..."

"ತಿರುಗಿ ನೋಡಿ," ಎಂದಳು ಇನ್‌ಸ್ಪೆಕ್ಟರ್.

ಅವನು ತಿರುಗಿದ. ಮುಚ್ಚಿದ ಕಿವಿಗಳನ್ನು ನೋಡಿದ. ಪೆಟ್ಟಿಗೆಯ ಮೇಲೆ ಉರಿಯುತ್ತಿದ್ದ ಕೆಂಪು ದೀಪ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

ಮರುಕ್ಷಣ ಮೇಜಿನ ಮೇಲಿನ ತಂತಿ ಅವನ ಕೈಯಲ್ಲಿತ್ತು. ಅದು ಇನ್‌ಸ್ಪೆಕ್ಟರ್ ಕೊರಳಿಗೆ ಎರಡು ಸುತ್ತು ಬಿತ್ತು. ಅವನು ಬಿಗಿದ. ಅವಳ ಕಾಲು ನೆಲ ಬಿಟ್ಟಿತು. ಕಣ್ಣು ಕತ್ತಲೆಗಟ್ಟಿತು. ಪೇದೆ ಓಡಿಬಂದು ಅವನ ಪಕ್ಕೆಗೆ ಗುದ್ದಿದ. ಅವನು ಕದಲಲಿಲ್ಲ. ಅವಳು ಕೈಚಾಚಿ ತಡಕಾಡಿದಳು. ಮೇಜಿನ ಮೇಲೆ ಉಪಕರಣ ಸಾಗಿಸುವ ಪೆಟ್ಟಿಗೆ ತೆರೆದಿತ್ತು. ಅವಳು ಮೈಯೆಲ್ಲ ಭಾರ ಹಾಕಿ ಅವನ ಸಮೇತ ಅದರ ಮೇಲೆ ಬಿದ್ದಳು. ಅವನ ಒಂದು ಕೈ ಅಂಚಿಗೆ ಸಿಕ್ಕಿತು. ಪೇದೆ ಲೋಹದ ಪಟ್ಟಿ ಹೊಡೆದ ಮುಚ್ಚಳವನ್ನು ಎತ್ತಿ ಬಡಿದ. ಒಂದು ಸಲ. ಎರಡು ಸಲ. ಬೆರಳುಗಳು ಮುರಿದವು. ತಂತಿ ಸಡಿಲವಾಯಿತು.

ಅವನು ನೆಲದ ಮೇಲೆ ಉರುಳಾಡುತ್ತಾ ಊಳಿಟ್ಟ. ಕತ್ತರಿ ಎದ್ದು ಬಂದು, ಯಾರೂ ಹೇಳದೆ, ಸೀಟಿ ನಿಲ್ಲಿಸಿದ.

* * *

"ಹೆಡ್‌ಫೋನ್ ತೆಗೀರಿ," ಎಂದಳು ಇನ್‌ಸ್ಪೆಕ್ಟರ್. ಅವಳ ದನಿ ಗೊಗ್ಗರಾಗಿತ್ತು. ಕೊರಳ ಸುತ್ತ ಕೆಂಪು ಬರೆ ಎದ್ದಿತ್ತು. ಪೇದೆ ಅವನ ಹೆಡ್‌ಫೋನ್ ಕಿತ್ತು ಕೊಟ್ಟ. ಅವಳು ಮೆತ್ತೆ ಬಿಡಿಸಿದಳು. ಹೊರಗಡೆ ಚೊಕ್ಕಟ. ಒಳಗಿನ ಸ್ಪಂಜಿನಲ್ಲಿ ಕಂದು ಕಲೆ.

"ಕೊರಳಲ್ಲಿ ಇದನ್ನ ಹಾಕ್ಕೊಂಡೇ ಹೊಡೆದ್ರಿ. ತೊಳೆಯೋದನ್ನೆಲ್ಲ ತೊಳೆದ್ರಿ. ಇದರೊಳಗೆ ನೋಡ್ಲಿಲ್ಲ. ನೆಲ ಒರೆಸಿದ್ದು ಶೂ ಗುರುತಿಗೆ. ಖಾನೆ ಒಡೆದಿದ್ದು ಕಿವಿ ಪರೀಕ್ಷೆಯ ವರದಿಗೆ. ಅದರ ಇನ್ನೊಂದು ಪ್ರತಿ ಡಾಕ್ಟ್ರ ಹತ್ರ ಇತ್ತು. ಎತ್ತರದ ಶಬ್ದ ಯಾವುದೂ ನಿಮಗೆ ಕೇಳಿಸಲ್ಲ. ಹಿಂಬಾಗಿಲ ಕೀಲಿ ನಿಮ್ಮ ಹತ್ರಾನೂ ಇತ್ತು. ತಾತನಿಗೆ ಕಾಣದೆ ಬಂದು ಹೋದ್ರಿ. ಯಾಕೆ?"

ಅವನು ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಅತ್ತಿಗೆಯ ಕಡೆ ನೋಡಿದ. ಅವಳು ನೋಡಲಿಲ್ಲ.

"ನಂಗೆ ಚೂಪಾದ ಸದ್ದು ಕೇಳಿಸ್ಲಿಲ್ಲ ಅಂತ ಟ್ರೆಬಲ್ ಏರಿಸ್ತಾ ಹೋಗ್ತಿದ್ದೆ. ಅಣ್ಣ ಇಲ್ಲಿ ಕೂತು ಇಳಿಸ್ತಿದ್ದ. ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಹೋದ ತಿಂಗಳು ಹೊರಗಡೆ ಬಾರಿಸಿದಾಗ ಅವನಿರ್ಲಿಲ್ಲ. ಮುಂದಿನ ಸಾಲಲ್ಲಿದ್ದ ಒಂದು ಹುಡುಗಿಯ ಕಿವಿ ಹೋಯ್ತು. ಹದಿನೇಳು ವರ್ಷದವಳು. ಅಣ್ಣ ಹೋಗಿ ನೋಡ್ಕೊಂಡು ಬಂದ. ಅವತ್ತಿಂದ ಒಂದೇ ಮಾತು, ಬಿಟ್ಬಿಡು ಅಂತ."

"ನಿನ್ನೆ?"

"ಇನ್ನೊಂದು ವರ್ಷ ಮುಚ್ಚಿಡು ಅಂತ ಕಾಲು ಹಿಡಿದೆ. ಅವನು ಪೆಟ್ಟಿಗೆಯ ದೀಪಕ್ಕೆ ಕೈ ಅಡ್ಡ ಇಟ್ಟ. 'ಸೀಟಿ ಇದೆಯೋ ಇಲ್ವೋ ಹೇಳು' ಅಂದ. ಇಲ್ಲ ಅಂದೆ. ಸರಿಯೋ ತಪ್ಪೋ ಹೇಳ್ಲೇ ಇಲ್ಲ. 'ಇವತ್ತೇ ಹಾಲ್‌ನವ್ರಿಗೆ ಹೇಳ್ಬಿಡ್ತೀನಿ' ಅಂತ ಬೆನ್ನು ತಿರುಗಿಸಿದ. ಅಲ್ಲಿ ಕಂಬ ಇತ್ತು."

"ಸೀಟಿ ಇತ್ತು."

"ಒಳಗೆ ಏನೋ ಕುಯ್ ಅಂತಿತ್ತು ಮೇಡಂ. ಎರಡು ವರ್ಷದಿಂದ ನನ್ನ ಕಿವಿಯೊಳಗೆ ಹಗಲೂ ರಾತ್ರಿ ಕುಯ್ ಅಂತಾನೇ ಇದೆ. ಅದೇ ಅಂದ್ಕೊಂಡೆ."

ಪೇದೆ ಬೇಡಿ ತೆಗೆದವನು, ಯಾವ ಕೈಗೆ ಹಾಕುವುದೆಂದು ತಿಳಿಯದೆ ನಿಂತ.

ಆಗ ಮೇಷ್ಟ್ರ ಹೆಂಡತಿ ಎದ್ದು ಬಂದಳು. ಮೈದುನನ ಎದುರು ಕೂತು, ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿದಳು. ಪ್ರತಿ ಅಕ್ಷರವೂ ತುಟಿಯ ಮೇಲೆ ಕಾಣುವಂತೆ ನಿಧಾನವಾಗಿ ಹೇಳಿದಳು.

"ಹಾಲ್‌ನವ್ರಿಗೆ ನಿಮ್ಮಣ್ಣ ಮೊನ್ನೆನೇ ಹೇಳಿದ್ರು ಕಣೋ. ನಿನ್ನ ಕಿವಿ ವಿಷಯ ಅಲ್ಲ, ನಿನ್ನೆ ಹಾಗಂದಿದ್ದು ನಿನ್ನ ಹೆದರಿಸೋಕಷ್ಟೆ. ತಮ್ಮನಿಗೆ ಬಾರಿಸಿ ಬೇಜಾರಾಗಿದೆ, ವೇದಿಕೆಯ ದೀಪದ ಕೆಲ್ಸ ಪೂರ್ತಿ ಅವನಿಗೇ ಕೊಡಿ ಅಂತ ಕೇಳ್ಕೊಂಡಿದ್ರು. ಅವ್ರು ಒಪ್ಪಿದ್ರು. ರಾತ್ರಿ ಊಟಕ್ಕೆ ಕೂತಾಗ ನಗ್ತಾ ನಂಗೆ ಹೇಳಿದ್ರು, 'ಕಣ್ಣು ಚೆನ್ನಾಗಿದೆಯಲ್ಲ ನನ್ ಮಗಂದು' ಅಂತ."

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಆಮೇಲೆ ಹಿಂದಕ್ಕೆ ಬಾಗಿ, ತಲೆಯನ್ನು ಮೇಜಿನ ಉಕ್ಕಿನ ಕಾಲಿಗೆ ಬಡಿದುಕೊಂಡ. ಮತ್ತೆ ಬಡಿದುಕೊಂಡ. ಪೇದೆ ಅವನನ್ನು ತಬ್ಬಿ ಹಿಡಿಯುವಷ್ಟರಲ್ಲಿ ಹಣೆ ಒಡೆದು ಕಣ್ಣಿನೊಳಗೆ ರಕ್ತ ಇಳಿದಿತ್ತು.

ಅತ್ತಿಗೆ ಎದ್ದಳು. ಸೆರಗು ಸರಿಮಾಡಿಕೊಂಡು ಇನ್‌ಸ್ಪೆಕ್ಟರ್ ಕಡೆ ತಿರುಗಿದಳು.

"ಇವನ ಮೇಲಿನ ದೂರಿಗೆ ನಾನು ಎಲ್ಲಿ ಸಹಿ ಹಾಕ್ಬೇಕು ಹೇಳಿ," ಎಂದಳು.