ಮೊದಲು ಮನುಷ್ಯರನ್ನು ನೋಡಿ

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ಕಳ್ಳತನದ್ದು. ದೂರುದಾರ ಡ್ರೋನ್ ಹಾರಿಸುವುದನ್ನು ಕಲಿಸುವ ಕೇಂದ್ರದ ಮಾಲೀಕ. ಶಿಷ್ಯರೆಲ್ಲ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಹಿಂದಿನ ದಿನ ಸಂಜೆ ನಾಲ್ಕರ ಸುಮಾರಿಗೆ ಕಾರಿನ ಹಿಂದಿನ ಸೀಟಿನಿಂದ ಕ್ಯಾಮೆರಾ ಡ್ರೋನ್ ಕಳವಾಗಿದೆ ಎಂದು ಮನೆಯಲ್ಲೇ ಬರೆದುಕೊಂಡು ಬಂದಿದ್ದ.

"ಕೂಡಲೇ ಎಫ್‌ಐಆರ್ ಆಗ್ಬೇಕು ಮೇಡಂ," ಎಂದು ಹೆಡ್ ಕಾನ್‌ಸ್ಟೇಬಲ್ ಎದುರು ಕುಳಿತ. "ಅದು ನನ್ನ ಹೆಸರಲ್ಲಿ ನೋಂದಣಿ ಆಗಿದೆ. ಕದ್ದೋನು ಎಲ್ಲಾದ್ರೂ ಬೀಳಿಸಿದ್ರೆ ನನ್ನ ತಲೆಗೆ ಬರುತ್ತೆ."

"ನಿನ್ನೆ ಹೋಗಿದ್ದಕ್ಕೆ ಇವತ್ತು ಬಂದ್ರಾ?"

"ಹುಡುಕ್ತಾ ಇದ್ದೆ."

ಆಕೆ ದೂರಿಗೆ ಮುದ್ರೆ ಒತ್ತುವಷ್ಟರಲ್ಲಿ ಆಸ್ಪತ್ರೆಯಿಂದ ಇನ್ನೊಂದು ಕಾಗದ ಬಂತು. ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳು ಸಂಜೆ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುವಾಗ ಮೇಲಿನಿಂದ ಏನೋ ಬಡಿದು ಮುಖ ಸೀಳಿದೆ. ಬಲಗಣ್ಣಿನ ದೃಷ್ಟಿ ಉಳಿಯುವುದು ಅನುಮಾನ. ಇನ್ಸ್‌ಪೆಕ್ಟರ್ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದಿದರು. ಕ್ಯಾಪ್ಟನ್‌ನನ್ನು ಮನೆಗೆ ಕಳಿಸಿ, ಜೀಪು ತೆಗೆಯಲು ಹೇಳಿದರು.

ಆಸ್ಪತ್ರೆಯಲ್ಲಿ ಅರ್ಧ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಆಕೆ ಮಲಗಿದ್ದಳು. ಪಕ್ಕದಲ್ಲಿ ತಂಗಿ.

"ಏನಾಯ್ತಮ್ಮ?"

"ಜೇನುಹುಳ ಎದ್ದ ಹಾಗೆ ಸದ್ದು ಸರ್. ತಿರುಗೋದ್ರೊಳಗೆ ಮುಖಕ್ಕೇ ಬಡೀತು. ಅಲ್ಲೇ ಕುಸಿದೆ. ಆಮೇಲೆ ಯಾರೋ ಮೆಟ್ಟಿಲು ಹತ್ಕೊಂಡು ಬಂದ್ರು."

"ಯಾರು?"

"ಕಣ್ಣೆಲ್ಲ ರಕ್ತ, ಕಾಣಲಿಲ್ಲ. ಶೂ ಸದ್ದು ಕೇಳ್ತು. 'ಅಣ್ಣಾ, ಯಾರನ್ನಾದ್ರೂ ಕರೀರಿ' ಅಂದೆ. ಬಗ್ಗಿದ್ರು. ನನ್ನ ಎತ್ತೋಕೆ ಅಂತ ಕೈ ಚಾಚಿದೆ. ಬಡಿದಿತ್ತಲ್ಲ, ಅದನ್ನ ಎತ್ಕೊಂಡು ಹೋಗ್ಬಿಟ್ರು."

ತಂಗಿಗೆ ಸಿಟ್ಟಿನಲ್ಲಿ ಮಾತು ತೊದಲಿತು. "ನಾನು ಅಂಗಡಿ ಮುಚ್ಚಿ ಬರೋ ತನಕ ಅಕ್ಕ ಹಾಗೇ ಬಿದ್ದಿದ್ಲು. ಸ್ವಲ್ಪ ಬೇಗ ಕರ್ಕೊಂಡು ಬಂದಿದ್ರೆ ಕಣ್ಣು ಉಳೀತಿತ್ತು ಅಂತಾರೆ ಡಾಕ್ಟ್ರು. ನನಗ್ಯಾಕೆ ಹೇಳ್ತಾರೆ ಸರ್ ಆ ಮಾತು? ಹೇಳ್ಬೇಕಾದೋನಿಗೆ ಹೇಳ್ಲಿ."

ಮಧ್ಯಾಹ್ನ ಹನ್ನೆರಡೂಕಾಲಿಗೆ ಇಬ್ಬರು ಪಂಚರ ಸಮಕ್ಷಮ ತಾರಸಿಯ ಪಂಚನಾಮೆ ಆಯಿತು. ಬಟ್ಟೆ ಒಣಹಾಕುವ ಹಗ್ಗದಲ್ಲಿ ಹರಿದು ಜೋತುಬಿದ್ದ ಹಸಿರು ಹೊದಿಕೆ, ನೆಲದಲ್ಲಿ ಒಣಗಿದ ರಕ್ತ, ಅದರಲ್ಲೇ ಅರ್ಧ ಮೂಡಿದ ಶೂ ಗುರುತು, ನೀರಿನ ಟ್ಯಾಂಕಿನ ಮರೆಯಲ್ಲಿ ಡ್ರೋನಿನ ಕಪ್ಪು ರೆಕ್ಕೆಯ ಮುರಿದ ತುಣುಕು. ಡ್ರೋನ್ ಇರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಮೆಟ್ಟಿಲಿನಿಂದ ರಕ್ತದ ಕಲೆಯವರೆಗೆ ಎರಡು ಸಲ ಕಣ್ಣಾಡಿಸಿದಳು. "ಆಕೆಯನ್ನ ದಾಟ್ಕೊಂಡೇ ಹೋಗಿದಾನೆ ಸರ್. ಬೇರೆ ದಾರಿನೇ ಇಲ್ಲಿಲ್ಲ."

ಇನ್ಸ್‌ಪೆಕ್ಟರ್ ಅಂಚಿನ ಗೋಡೆಯ ಬಳಿ ಹೋಗಿ ಸುತ್ತ ನೋಡಿದರು. ತಾರಸಿಯಿಂದ ಆಟದ ಮೈದಾನ ಕಾಣುತ್ತಿತ್ತು. ಅಲ್ಲಿಗೇ ಹೋಗಿ ಕಾವಲುಗಾರನನ್ನು ಕೇಳಿದರು.

"ನಿನ್ನೆ ಸಂಜೆ ಇಲ್ಲಿ ಡ್ರೋನ್ ಹಾರಿಸಿದ್ದು ಯಾರು?"

"ಇನ್ಯಾರು, ಕ್ಯಾಪ್ಟನ್ನೇ."

"ಎಷ್ಟೊತ್ತಿಗೆ?"

"ಐದೂವರೆ ಆಗಿತ್ತು. ಆಮೇಲೆ ರಿಮೋಟ್ ಹಿಡ್ಕೊಂಡು ಆ ಮನೆಗಳ ಕಡೆ ಓಡಿದ್ರು. ಕರೆದ್ರೂ ತಿರುಗಿ ನೋಡ್ಲಿಲ್ಲ."

ನಾಲ್ಕಕ್ಕೆ ಕಳವಾದ ಡ್ರೋನನ್ನು ಐದೂವರೆಗೆ ಮಾಲೀಕನೇ ಹಾರಿಸಿದ್ದ.

ಕ್ಯಾಪ್ಟನ್‌ನನ್ನು ಕರೆಸಿ ತರಬೇತಿ ಕೇಂದ್ರದ ಬಾಗಿಲು ತೆಗೆಸಿದರು. ಅಲ್ಲಿ ಬೆಂಚುಗಳು ಸಾಲಾಗಿದ್ದವು, ನೆಲ ಫಳಫಳ ಹೊಳೆಯುತ್ತಿತ್ತು. ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಸುರಕ್ಷತಾ ನಿಯಮಗಳು.

"ಡ್ರೋನ್ ಬಿದ್ದರೆ ಏನು ಮಾಡ್ಬೇಕು ಅಂತ ಬರೆದಿದೀರಲ್ಲ, ಅದನ್ನ ಸ್ವಲ್ಪ ಓದಿ," ಎಂದರು ಇನ್ಸ್‌ಪೆಕ್ಟರ್.

"ಅದ್ಯಾಕೆ ಸರ್ ಈಗ?"

"ಓದಿ."

ಕ್ಯಾಪ್ಟನ್ ಗೋಡೆಯತ್ತ ತಿರುಗಿ ಓದಿದ. "ಮೊದಲು ಮನುಷ್ಯರನ್ನು ನೋಡಿ. ಗಾಯವಾಗಿದ್ದರೆ ಸಹಾಯಕ್ಕೆ ಕರೆ ಮಾಡಿ. ಯಂತ್ರ ಆಮೇಲೆ."

"ಬರೆದೋರು ಯಾರು?"

"ನಾನೇ."

ಹೆಡ್ ಕಾನ್‌ಸ್ಟೇಬಲ್ ಬೀರುವಿನ ಬೀಗದ ಕೈ ಕೇಳಿದಳು. ಮರೆತು ಬಂದಿದ್ದೇನೆ ಎಂದ. ಮೇಜಿನ ಡ್ರಾಯರ್ ಎಳೆದಾಗ ಅಲ್ಲೇ ಸಿಕ್ಕಿತು. ಬೀರುವಿನೊಳಗೆ ಟವೆಲಿನಲ್ಲಿ ಸುತ್ತಿಟ್ಟ ಡ್ರೋನ್. ತೊಳೆದು ಒರೆಸಿ, ಹೊಸ ರೆಕ್ಕೆ ಹಾಕಿತ್ತು. ಪಂಚರ ಎದುರು ಆ ರೆಕ್ಕೆ ಬಿಚ್ಚಿಸಿದರು. ಅಡಿಯಲ್ಲಿ, ಮೋಟಾರಿನ ಕಡ್ಡಿಗೆ ಹಸಿರು ನೂಲು ಬಿಗಿಯಾಗಿ ಸುತ್ತಿಕೊಂಡಿತ್ತು.

ಕ್ಯಾಪ್ಟನ್ ಬೆಂಚಿನ ಮೇಲೆ ಕುಳಿತುಬಿಟ್ಟ.

ಸಂಜೆ ನಾಲ್ಕು ಇಪ್ಪತ್ತಕ್ಕೆ ಅವನನ್ನು ಬಂಧಿಸಲಾಯಿತು: ಅಜಾಗರೂಕತೆಯಿಂದ ತೀವ್ರ ಗಾಯ, ಸಾಕ್ಷ್ಯನಾಶ, ಸುಳ್ಳು ದೂರು.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಕೇಂದ್ರದ ಜಾಹೀರಾತಿಗೆ ಸಂಜೆಬೆಳಕಿನ ದೃಶ್ಯ ಬೇಕಿತ್ತು. ಚಿತ್ರದ ಅಂಚಿನಲ್ಲಿ ಕಾಣುತ್ತದೆಂದು ರೆಕ್ಕೆಗಳ ಸುತ್ತಲಿನ ರಕ್ಷಣಾ ಚೌಕಟ್ಟನ್ನು ಕಳಚಿದ್ದ. ಬ್ಯಾಟರಿ ಮುಗಿಯುತ್ತಿದೆ ಎಂದು ರಿಮೋಟ್ ಕೂಗುತ್ತಲೇ ಇತ್ತು. ಇನ್ನೊಂದೇ ದೃಶ್ಯ ಎಂದುಕೊಂಡು ಮನೆಗಳ ಆಚೆಗೆ ಕಳಿಸಿದ. ಬ್ಯಾಟರಿ ಇಳಿದರೆ ಡ್ರೋನ್ ತಾನಾಗಿ ಹಿಂದಿರುಗುತ್ತದೆ; ಆಗ ಅದು ಹಾರುವ ಎತ್ತರವನ್ನು ತಾರಸಿಗಳ ಮಟ್ಟಕ್ಕೆ ಇಟ್ಟಿದ್ದು ಮರೆತೇಹೋಗಿತ್ತು.

"ಬಿದ್ದಿದ್ದು ಆಕಸ್ಮಿಕ ಅಂತಲೇ ಇಟ್ಕೊಳ್ಳೋಣ," ಎಂದರು ಇನ್ಸ್‌ಪೆಕ್ಟರ್. "ಬಿಟ್ಟುಬಂದಿದ್ದು?"

"ಪ್ರತಿ ಹೊಸ ಬ್ಯಾಚಿಗೂ ಹೇಳ್ತೀನಿ ಸರ್, ನನ್ನ ಕೈಯಿಂದ ಒಂದೂ ಬಿದ್ದಿಲ್ಲ ಅಂತ. ಅದು ಕೇಳ್ಕೊಂಡೇ ಜನ ಬರೋದು. ಸೋಮವಾರ ಮತ್ತೆ ಹೇಳ್ಬೇಕಿತ್ತು."

"ಆಂಬುಲೆನ್ಸ್‌ಗೆ ಒಂದು ಫೋನ್ ಮಾಡ್ಬಹುದಿತ್ತು. ಹೆಸರೂ ಹೇಳ್ಬೇಕಿರಲಿಲ್ಲ."

"ಮಾಡ್ಬಹುದಿತ್ತು."

"ಆ ಹೊತ್ತಲ್ಲಿ ಏನ್ಮಾಡ್ತಿದ್ರಿ?"

"ರೆಕ್ಕೆ ಬದಲಾಯಿಸ್ತಿದ್ದೆ."

ಇನ್ಸ್‌ಪೆಕ್ಟರ್ ಆ ಮಾತನ್ನು ಹಾಗೆಯೇ ಬರೆದುಕೊಂಡರು. ಕೆಟ್ಟ ಮನುಷ್ಯ ಎಂದು ಯಾರೂ ಅವನ ಬಗ್ಗೆ ಅದುವರೆಗೆ ಹೇಳಿರಲಿಲ್ಲ. ಒಳ್ಳೆಯ ಹೆಸರನ್ನು ಕಾಪಾಡಿಕೊಳ್ಳುವ ಅವಸರದಲ್ಲಿ, ನೆರವಿಗೆ ಕೂಗಿದ ಹೆಂಗಸನ್ನು ದಾಟಿ ನಡೆದಿದ್ದ, ಅಷ್ಟೇ. ಆ ಅಷ್ಟಕ್ಕೇ ಆಕೆಯ ಕಣ್ಣು ಹೋಗಿತ್ತು.

ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಕರೆದೊಯ್ಯುವಾಗ ಅವನು ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿದ.

"ಮೇಡಂ, ಡ್ರೋನಿನ ಬ್ಯಾಟರಿ ತೆಗೆದು ಹೊರಗಡೆ ಇಡಿ. ಏಟು ಬಿದ್ದಿರೋದು ಉಬ್ಬಿ ಹೊತ್ಕೊಳ್ಳುತ್ತೆ. ಇಲ್ಲಿ ಜನ ಇರ್ತಾರೆ."

ಹೆಡ್ ಕಾನ್‌ಸ್ಟೇಬಲ್ ಬ್ಯಾಟರಿ ಬಿಚ್ಚಿ, ಅಂಗಳದ ಮರಳಿನ ಬಕೆಟ್ಟಿನಲ್ಲಿಟ್ಟು ಬಂದಳು. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆಕೆಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.