ಬಳೆ ಕಾಣದ ದಿನಗಳು

"ಮೂವತ್ತು ದಿನ ತೆಳು ಮೋಡ ಇತ್ತಂತ ಬರದೀರಿ. ಸೂರ್ಯನ ಸುತ್ತ ಬೆಳಕಿನ ಬಳೆ ಬರೇ ಆರು ದಿನ? ಉಳಿದ ದಿನ ಮಲಗಿದ್ರೇನ್ರಿ?"

2004ರ ಫೆಬ್ರುವರಿಯಲ್ಲಿ, ಅಂಬಿಕಾನಗರದ ಹವಾಮಾನ ವೀಕ್ಷಣೆಯ ಕೋಣೆಗೆ ಬಂದ ದ್ರಾಕ್ಷಾಯಣಿ ಅಲ್ಲಿ ದಿನವೂ ಆಕಾಶ ನೋಡಿ ದಾಖಲಿಸುತ್ತಿದ್ದ ಕುಬೇರನಿಗೆ ಆಡಿದ ಮೊದಲ ಮಾತಿದು.

ಹಳಿಯಾಳದ ಚನಬಸಪ್ಪನವರ ಮಗಳಾದ ಅವಳು ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಎತ್ತರದ ಮೋಡಗಳ ಹಿಮಹರಳಿಗೆ ಬಿಸಿಲು ಬಿದ್ದು ಹೇಗೆ ಚದುರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಅದು ಸರಿಬಂದರೆ ಉಪಗ್ರಹದ ಚಿತ್ರ ನೋಡಿಯೇ ಮೋಡದಲ್ಲಿ ಹಿಮವೆಷ್ಟಿದೆ ಎನ್ನಬಹುದು. ಅವಳ ಲೆಕ್ಕದಲ್ಲಿ ಅಂಥ ಪ್ರತಿ ಮೋಡಕ್ಕೂ ಬಳೆ ಇರಲೇಬೇಕಿತ್ತು.

ಮುಂಡಗೋಡ ಕಡೆಯ ಲಂಬಾಣಿ ತಾಂಡಾದ ಕುಬೇರ ಮುಗುಳ್ನಕ್ಕ. "ಕಂಡಿದ್ದು ಬರದೇನ್ರಿ. ಕಾಣದ್ದನ್ನ ಬರಿಯಾಕ ನನಗ ಬರೂದಿಲ್ಲ. ನಾಳೆ ಬರ್ರಿ, ಕೂಡೇ ನೋಡೂಣು."

ಆರು ದಿನ ಇಬ್ಬರೂ ತಾರಸಿಯ ಮೇಲೆ ನಿಂತರು. ಮೋಡ ಬಂತು, ಬಳೆ ಬರಲಿಲ್ಲ. ಸೂರ್ಯನಿಗೆ ಅಡ್ಡ ಹಿಡಿದ ಅಂಗೈಯ ನೆರಳು ಅವನ ಕಣ್ಣಮೇಲೆ ಬೀಳುವುದನ್ನೇ ಅವಳು ನೋಡುತ್ತಿದ್ದಳು.

"ಮೋಡ ಮ್ಯಾಲೈತ್ರಿ ಮೇಡಂ."

"ಗೊತ್ತೈತ್ರಿ," ಎಂದಳು. ನೋಟ ಕದಲಲಿಲ್ಲ. ಕೆಂಪಾದದ್ದು ಅವನ ಕಿವಿ.

ಕೊನೆಯ ದಿನ ಅವನು ಕೇಳಿದ: "ನಿಮ್ಮ ಲೆಕ್ಕದಾಗ ಹರಳು ಹೆಂಗ ಇರತಾವ್ರಿ?"

"ಆರು ಮೂಲಿ, ಕನ್ನಡಿಯಂಗ ನುಣುಪು."

"ಎಲ್ಲಾನೂ? ಅಷ್ಟ ಎತ್ತರದಾಗ ಗಾಳಿಗೆ ಸಿಕ್ಕು ಒಂದಾದ್ರೂ ಒರಟಾಗೂದಿಲ್ಲೇನು?"

ದ್ರಾಕ್ಷಾಯಣಿ ಮರುದಿನವೇ ಧಾರವಾಡಕ್ಕೆ ಹೋಗಿ, ಕಂಪ್ಯೂಟರಿನಲ್ಲಿ ಹರಳುಗಳನ್ನು ಒರಟು ಮಾಡಿ ನೋಡಿದಳು. ಬಳೆ ಮಾಸಿಹೋಯಿತು. ಕುಬೇರ ಬರೆದದ್ದೆಲ್ಲ ನಿಜವಾಗಿತ್ತು.

ಆದರೆ ಅಂಬಿಕಾನಗರಕ್ಕೆ ಬರುವ ಮೊದಲೇ ಅವಳು ಅವನು ನೋಡದೆಯೇ ಬರೆಯುತ್ತಾನೆಂದು, ಆ ಕೋಣೆಯನ್ನೂ ನೋಡಿಕೊಳ್ಳುತ್ತಿದ್ದ ತನ್ನ ಪಿಎಚ್.ಡಿ. ಗೈಡಿಗೆ ದೂರು ಬರೆದಿದ್ದಳು. ಅವನನ್ನು ಕೆಲಸದಿಂದ ಬಿಡಿಸುವ ಮಾತು ನಡೆದಿತ್ತು. ಅವಳು ನೇರವಾಗಿ ಅವರ ಮುಂದೆ ನಿಂತು, "ತಪ್ಪು ನಂದ್ರಿ ಸರ್," ಎಂದಳು. ಅವನ ಕೆಲಸ ಉಳಿಯಿತು. ತನ್ನ ಸಂಶೋಧನಾ ಲೇಖನದ ಮೇಲೆ ಅವನ ಹೆಸರನ್ನೂ ಸೇರಿಸಿ, ಅದನ್ನು ಹಿಡಿದು ಅಂಬಿಕಾನಗರಕ್ಕೆ ಬಂದು ಎಲ್ಲವನ್ನೂ ಹೇಳಿದಳು.

ಕುಬೇರ ಆ ಹಾಳೆ ತೆಗೆದುಕೊಂಡ. "ಸಿಟ್ಟು ಬಂದೈತ್ರಿ. ಆದ್ರ ನೀವ ಬಂದು ಹೇಳಿದ್ರಿ." ಆಮೇಲೆ ಹಾಳೆಯತ್ತ ನೋಡಿದ. "ನಮ್ಮಿಬ್ಬರ ಹೆಸರು ಕೂಡೇ ನೋಡಿದ್ರ ಮಂದಿ ಏನಂದಾರು?"

"ಮಂದಿಗೆ ನಾನ ಹೇಳ್ತೇನಿ."

"ಏನಂತ?"

"ನನಗ ನೀವು ಬೇಕಂತ."

ಅವನು ಹಾಳೆಯನ್ನು ಮೇಜಿನ ಮೇಲಿಟ್ಟ. "ನಾವು ತಾಂಡಾದವ್ರು. ನಿಮ್ಮಪ್ಪಾರು ಒಪ್ಪತಾರೇನ್ರಿ?"

"ಮೊದಲ ಬೈತಾರ. ಆಮ್ಯಾಲ ನಿಮ್ಮ ಕೂಡ ಮಾತಾಡ್ತಾರ. ನೀವು ಒಪ್ಪೀರೋ ಇಲ್ಲೋ, ಅದನ್ನ ಹೇಳ್ರಿ."

"ಒಪ್ಪೇನಿ," ಎಂದ ಕುಬೇರ.

ಮಧ್ಯಾಹ್ನದ ಬಸ್ಸಿನಲ್ಲಿ ಕಂಡಕ್ಟರ್ ಬಂದು ಎಲ್ಲಿಗೆಂದು ಕೇಳಿದಾಗ, ದ್ರಾಕ್ಷಾಯಣಿ ಕುಬೇರನ ಕೈ ಬಿಡದೆಯೇ ಹೇಳಿದಳು: "ಹಳಿಯಾಳ, ಎರಡು."