ಡಬ್ಬಿಯ ಮುಚ್ಚಳ ಮುಚ್ಚಿದವನು

"ಈ ವಾಸನೆಯಲ್ಲಿ ಹೇಗ್ರೀ ಕೂತಿರ್ತೀರಾ?"

ಬಾಗಿಲಲ್ಲಿ ನಿಂತವನು ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಕಣ್ಣಲ್ಲಿ ನೀರು ತುಂಬಿತ್ತು.

ಅವಳು ತಲೆಯೆತ್ತಿದಳು. "ಯಾವ ವಾಸನೆ?"

ಅವನು ನೇರ ಒಳಗೆ ಬಂದು ಅವಳ ಮುಂದಿದ್ದ ಬಣ್ಣದ ಡಬ್ಬಿಯ ಮುಚ್ಚಳ ಮುಚ್ಚಿಬಿಟ್ಟ. ಎಂಥ ಸೊಕ್ಕು ಇವನಿಗೆ... ಎಂದುಕೊಂಡಳು. ಆದರೆ ಸಿಟ್ಟು ಬರಲಿಲ್ಲ. ಅವಳಿಗೆ ಈಚೆಗೆ ಯಾವುದೂ ಬರುತ್ತಿರಲಿಲ್ಲ.

ಅದು ಲೋಹದ ಭಾಗಗಳಿಗೆ ನಿಕಲ್ ಲೇಪಿಸುವ ಕಾರ್ಖಾನೆ. ಲೇಪ ಕೂರಬಾರದ ತೂತುಗಳಿಗೆ ಘಾಟು ಥಿನ್ನರ್ ಬೆರೆಸಿದ ಬಣ್ಣ ಬಳಿದು ಮರೆಮಾಡುವುದು ಅವಳ ಕೆಲಸ. ಕೈ ಎಷ್ಟು ಅಚ್ಚುಕಟ್ಟೆಂದರೆ ಎಲ್ಲರೂ ಅವಳನ್ನು ಬ್ರಷ್ ಎಂದೇ ಕರೆಯುತ್ತಿದ್ದರು.

ಅಮ್ಮ ತೀರಿಕೊಂಡಾಗಲೂ ಅವಳು ಅತ್ತಿರಲಿಲ್ಲ. ಮೊದಮೊದಲು ಅಮ್ಮನ ಶಾಲನ್ನು ಮುಖಕ್ಕೆ ಒತ್ತಿಕೊಂಡರೆ ಅಮ್ಮನ ವಾಸನೆ ಬರುತ್ತಿತ್ತು. ಬರಬರುತ್ತಾ ಅದೂ ನಿಂತಿತು. ಇನ್ನು ಶಾಲಿನಲ್ಲೂ ಅಮ್ಮ ಇಲ್ಲ ಎಂದು ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದಳು. ಒಲೆಯ ಮುಂದೆ ನಿಂತೇ ಹಾಲು ಸೀಯಿಸುತ್ತಿದ್ದಳು. ಅತ್ತಿಗೆ ಬೈದು ಬೈದು ಸುಸ್ತಾಗಿದ್ದರು.

ಬಂದವನು ರಬ್ಬರ್ ಬಿರಡೆಗಳ ಕಂಪನಿಯವನು. ಬಣ್ಣದ ಬದಲು ತೂತುಗಳಿಗೆ ಬಿರಡೆ ಜಡಿದರೆ ಥಿನ್ನರಿನ ಸಹವಾಸವೇ ಬೇಡ, ಲೇಪವಾದ ಮೇಲೆ ಕಿತ್ತು ಮತ್ತೆ ಬಳಸಬಹುದು ಎನ್ನುವುದು ಅವನ ವಾದ. ಒಂದೇ ವಾರದಲ್ಲಿ ಅವನಿಗೂ ಬಿರಡೆ ಎಂಬ ಹೆಸರು ಬಿತ್ತು.

ಅವನು ದಿನವೂ ಅವಳ ಮೇಜಿನ ಪಕ್ಕ ಕೂತು ಅಳತೆ ತೆಗೆದುಕೊಳ್ಳುತ್ತಿದ್ದ, ಏನೇನೋ ಹೇಳಿ ನಗಿಸಲು ನೋಡುತ್ತಿದ್ದ. ಅವಳು ನಗಲಿಲ್ಲ. ಆದರೆ ಅವನು ಬಾರದ ದಿನ ಎರಡು ಸಲ ಬಾಗಿಲ ಕಡೆ ನೋಡಿದ್ದು ಅವಳಿಗೇ ಗೊತ್ತಾಗಿತ್ತು.

ಮೊದಲ ಪ್ರಯೋಗ ಕೆಟ್ಟಿತು. ಬಿರಡೆಗಳನ್ನು ಒತ್ತಿದ್ದು ಅವಳೇ. ನಿಕಲ್ ದ್ರಾವಣದ ಬಿಸಿ ತೊಟ್ಟಿಗೆ ಇಳಿಸಿದ ಮೇಲೆ ಒಂದೊಂದಾಗಿ ಎದ್ದು ತೇಲಿದವು. ತೂತುಗಳ ಒಳಗೆಲ್ಲ ನಿಕಲ್ ಕೂತು ಮಾಲು ಹಾಳಾಯಿತು.

ಮರುದಿನ ಮೇಸ್ತ್ರಿ ಬಂದು, ಇನ್ನು ಮೇಲೆ ನೀನು ಪ್ಯಾಕಿಂಗ್‌ಗೆ ಹೋಗು, ನಿನ್ನನ್ನು ಬಣ್ಣದ ಕೋಣೆಯಲ್ಲಿ ಕೂರಿಸಬೇಡಿ ಅಂತ ಬಿರಡೆಯವನೇ ಹೇಳಿದ್ದಾನೆ ಎಂದರು.

ತಪ್ಪನ್ನೆಲ್ಲ ನನ್ನ ತಲೆಗೆ ಕಟ್ಟಿದ... ಅಷ್ಟೇ ಅನ್ನಿಸಿತು. ಬ್ರಷ್ ತೊಳೆದಿಟ್ಟು ಹೋದಳು. ಅವನು ಎದುರಾದರೆ ಗೋಡೆ ನೋಡಿಕೊಂಡು ನಡೆದಳು. ಅವನು ಎರಡು ಸಲ ಮಾತಾಡಿಸಿ ಸುಮ್ಮನಾದ.

ವಾರಗಳು ಉರುಳಿದವು. ಒಂದು ಬೆಳಿಗ್ಗೆ ಮುಖ ಒರೆಸಿಕೊಳ್ಳುವಾಗ ಟವೆಲಿನಲ್ಲಿ ಸೋಪಿನ ವಾಸನೆ ಬಂತು. ತೆಳ್ಳಗೆ... ಇದೆಯೋ ಇಲ್ಲವೋ ಎಂಬಂತೆ. ಅಷ್ಟರಲ್ಲಿ ಅಡುಗೆಮನೆಯಿಂದ ಇನ್ನೊಂದು.

"ಅತ್ತಿಗೆ, ಹಾಲು ಸೀಯ್ತಿದೆ."

ಅತ್ತಿಗೆ ಸೌಟು ಹಿಡಿದವರು ಹಾಗೇ ನಿಂತುಬಿಟ್ಟರು. "ನಿನಗೆ ಗೊತ್ತಾಯ್ತಾ?"

ಅವಳು ಓಡಿ ಪೆಟ್ಟಿಗೆ ತೆರೆದು ಶಾಲನ್ನು ಮುಖಕ್ಕೆ ಒತ್ತಿಕೊಂಡಳು. ಅಮ್ಮ ಅದರಲ್ಲೇ ಇದ್ದಳು. ಎಲ್ಲಿಗೂ ಹೋಗಿರಲಿಲ್ಲ. ಅಳು ಮಾತ್ರ ಬರಲಿಲ್ಲ.

ಆ ದಿನ ಕಾರ್ಖಾನೆಯಲ್ಲಿ ಬಣ್ಣದ ಕೋಣೆಯ ಮುಂದೆ ಹಾಯುವಾಗ ತಲೆ ಗಿರ್ರೆಂದಿತು. ಇಷ್ಟು ವರ್ಷ ನಾನು ಇದರಲ್ಲಿ ಕೂತಿದ್ದೆನಾ? ಅವನು ಯಾಕೆ ಮುಚ್ಚಳ ಮುಚ್ಚಿದ, ಯಾಕೆ ತನ್ನನ್ನು ಆ ಕೋಣೆಯಿಂದ ಎಬ್ಬಿಸಿದ ಎಂಬುದು ಆಗ ಹೊಳೆಯಿತು.

ಅವನು ತೊಟ್ಟಿಯ ಪಕ್ಕದ ಮೇಜಿನಲ್ಲಿ ಒಬ್ಬನೇ ಕೂತಿದ್ದ. ಕಡೆಯ ಪ್ರಯೋಗ ಅಂದೇ. ಕೆಟ್ಟರೆ ಮತ್ತೆ ಬಣ್ಣವೇ ಗತಿ, ಅವನು ಗಂಟುಮೂಟೆ ಕಟ್ಟಬೇಕು.

"ನನ್ನನ್ನ ಒಂದು ಮಾತು ಕೇಳಬಹುದಿತ್ತು," ಎಂದಳು.

"ಕೇಳಿದ್ರೆ ಆ ಕೋಣೆ ಬಿಟ್ಟು ಬರ್ತಿದ್ರಾ?"

"...ಇಲ್ಲ."

"ಆದ್ರೂ ಕೇಳಬೇಕಿತ್ತು. ತಪ್ಪಾಯ್ತು." ಅವನು ಕೈಯಲ್ಲಿದ್ದ ಬಿರಡೆ ನೋಡಿದ. "ಅವತ್ತಿನ ಮಾಲು ಕೆಟ್ಟಿದ್ದು ನಿಮ್ಮಿಂದಲ್ಲ. ಒಳಗೆ ಸಿಕ್ಕಿಕೊಂಡ ಗಾಳಿ ಬಿಸಿಗೆ ಉಬ್ಬಿ ಬಿರಡೆನ ತಳ್ಳಿದ್ದು. ನನಗೇ ಹೊಳೆದಿರಲಿಲ್ಲ ಅಂತ ಮೇಸ್ತ್ರಿಗೂ ಹೇಳಿದೀನಿ."

ಈಗ ತೂತಿನ ಅಂಚಿಗೆ ಸೂಜಿ ಇಟ್ಟು ಬಿರಡೆ ಒತ್ತಬೇಕಿತ್ತು. ಗಾಳಿ ಹೊರಹೋದ ಮೇಲೆ ಸೂಜಿ ಎಳೆದರೆ ಆಯಿತು. ಒಬ್ಬನ ಕೈಯಲ್ಲಿ ಸರಿಯಾಗಿ ಆಗುವ ಕೆಲಸವಲ್ಲ. ಅವಳು ಸ್ಟೂಲು ಎಳೆದು ಕೂತು ಸೂಜಿ ಹಿಡಿದಳು. ಅವನು ಒತ್ತಿದ, ಅವಳು ಎಳೆದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲ ತೂತುಗಳಿಗೂ ಬಿರಡೆ ಕೂತಿತ್ತು.

ತೊಟ್ಟಿಯಲ್ಲಿ ಒಂದು ಬಿರಡೆಯೂ ತೇಲಲಿಲ್ಲ. ಮೇಸ್ತ್ರಿ ಒಂದೊಂದೇ ಕಿತ್ತು, ತೂತುಗಳಿಗೆ ಟಾರ್ಚ್ ಬಿಟ್ಟು ನೋಡಿದರು. ನಾಳೆಯಿಂದ ಬಣ್ಣದ ಕೋಣೆಗೆ ಬೀಗ ಹಾಕಿ ಎಂದು ಹೇಳಿ ಹೋದರು.

ಆಗ ಅವಳ ಕಣ್ಣಿಂದ ನೀರಿಳಿಯಿತು. ಅಮ್ಮನಿಗಾಗಿಯೋ, ಇವನಿಗಾಗಿಯೋ... ಅವಳಿಗೇ ತಿಳಿಯಲಿಲ್ಲ. ಅವನು ಗಾಬರಿಯಾಗಿ ಕರವಸ್ತ್ರ ಕೊಟ್ಟ.

"ನಾನು ಇಲ್ಲೇ ಇರಲಾ?" ಎಂದು ಮೆಲ್ಲಗೆ ಕೇಳಿದ. "ಕೆಲಸಕ್ಕಲ್ಲ... ನಿಮ್ಮ ಜೊತೆ. ಈ ಸಲ ಕೇಳ್ತಿದ್ದೀನಿ."

ಅವಳು ಕರವಸ್ತ್ರವನ್ನು ಮೂಗಿಗೆ ಹಿಡಿದು ಉಸಿರೆಳೆದುಕೊಂಡಳು.

"ರಬ್ಬರ್ ವಾಸನೆ."

"ತುಂಬಾ ಕೆಟ್ಟದಾಗಿದೆಯಾ?"

"ಹೌದು," ಎಂದಳು. ಕರವಸ್ತ್ರ ಹಿಂದಿರುಗಿಸಲಿಲ್ಲ. "ಇರಿ."